ಫ್ರಿಜ್ಜಿನ ಬಾಗಿಲು ಯಾವ ಕಡೆ?

ನಮ್ಮ ಮನೆಯ ಫ್ರಿಜ್ಜು 21 ವರ್ಷ ಪಡಸಾಲೆಯಲ್ಲೇ ನಿಂತಿತ್ತು. ಪಕ್ಕದಲ್ಲಿ ಟಿವಿ, ತಲೆ ಮೇಲೆ ಅತ್ತೆ ಹೆಣೆದ ಕ್ರೋಶಾ ಹೊದಿಕೆ, ಅದರ ಮೇಲೊಂದು ಪ್ಲಾಸ್ಟಿಕ್ ಹೂವಿನ ಕುಂಡ. ಬಂದವರಿಗೆ ಕಾಣಲಿ ಅಂತ ಅಲ್ಲ (ಸ್ವಲ್ಪ ಅದೂ ಇದ್ದಿರಬಹುದು). ಧಾರವಾಡದ ಮಾಳಮಡ್ಡಿಯ ಹಳೆ ಮನೆ ನಮ್ಮದು. ಅಡುಗೆಮನೆಯಲ್ಲಿ ಇದ್ದದ್ದೇ ಒಂದು ಪ್ಲಗ್ಗು, ಅದೂ ಮಿಕ್ಸಿಗೆ. ಮರದ ಪಟ್ಟಿಯ ಮೇಲೆ ಎಳೆದ ಹಳೆ ವೈರು, ಅರ್ಥಿಂಗ್ ಅನ್ನುವ ಮಾತೇ ಇಲ್ಲ.

ಇನ್ನೊಂದು ಕಾರಣ ಅತ್ತೆಯದು. ಅಡುಗೆಮನೆಯ ಪೂರ್ವದ ಗೋಡೆಯ ಆಚೆ ದೇವರ ಮನೆ. ನಿನ್ನೆಯ ಸಾರು, ಉಳಿದ ಅನ್ನ, ಎಲ್ಲಾ ಮುಸುರೆ ತುಂಬಿದ ಪೆಟ್ಟಿಗೆ ಆ ಗೋಡೆಗೆ ಬೆನ್ನು ಹಚ್ಚಿ ನಿಲ್ಲುವುದು ಅವರಿಗೆ ಸುತಾರಾಂ ಆಗುವುದಿಲ್ಲ. ಹಾಗಾಗಿ ಹಾಲು ಬೇಕೆಂದರೂ ಕೊತ್ತಂಬರಿ ಬೇಕೆಂದರೂ ಒಲೆ ಸಣ್ಣದು ಮಾಡಿ ನಾನು ಪಡಸಾಲೆಗೆ ಓಡಬೇಕು. ಬೀಗರು ಬಂದು ಕೂತಿದ್ದರೆ ಅವರ ಎದುರಿಗೇ ಮೊನ್ನೆಯ ಬದನೆಕಾಯಿ ಪಲ್ಯ ಹೊರಗೆ ಬರಬೇಕು.

ಹೋದ ಮಳೆಗಾಲದಲ್ಲಿ ಗೋಡೆ ಹಸಿ ಹಿಡಿದು ಕಡಪಾ ಕಲ್ಲಿನ ಅಡುಗೆ ಕಟ್ಟೆ ಒಂದು ಬದಿಗೆ ಕುಸಿಯಿತು. ಹೇಗೂ ಒಡೆಯಬೇಕು, ಪೂರ್ತಿ ಹೊಸದೇ ಮಾಡಿಬಿಡೋಣ ಅಂದರು ನಮ್ಮವರು. ನಾನು ಒಂದೇ ಷರತ್ತು ಹಾಕಿದೆ. ಫ್ರಿಜ್ಜು ಒಳಗೆ ಬರಬೇಕು. ಹಳೆಯದು ಅಲ್ಲ, ಹೊಸದು, ಎರಡು ಬಾಗಿಲಿನದು.

ಪ್ಲಾನ್ ಹಾಕಿಕೊಟ್ಟವನು ಇಂಟೀರಿಯರ್ ಕಲಿತ ಹುಡುಗ, ಪಾಪ, ಬಹಳ ಆಸಕ್ತಿಯಿಂದ ಮಾಡಿದ್ದ. ಲ್ಯಾಪ್‌ಟಾಪ್ ತಿರುಗಿಸಿ ತ್ರಿಕೋನ ತೋರಿಸಿದ. ಒಲೆ, ಸಿಂಕು, ಫ್ರಿಜ್ಜು ಮೂರಕ್ಕೂ ಗೆರೆ ಎಳೆದರೆ ಒಂದೊಂದು ಬದಿ 4ರಿಂದ 9 ಅಡಿ ಇರಬೇಕಂತೆ, ಮೂರೂ ಕೂಡಿ 26 ಅಡಿ ಮೀರಬಾರದಂತೆ. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಬೆಳೆಸಿದ ಲೆಕ್ಕ ಅದು. ನಮ್ಮ ಅಡುಗೆಮನೆ 9 ಅಡಿಗೆ 11 ಅಡಿ. ಇಷ್ಟರಲ್ಲಿ 26 ದಾಟುವ ಭಯ ಕಡಿಮೆಯೇ! ಆದರೆ ಆ ತ್ರಿಕೋನದ ನಡುವೆ ಒಬ್ಬಳೇ ಹೆಂಗಸು ನಿಂತಿರುತ್ತಾಳೆ. ನಮ್ಮಲ್ಲಿ ಅತ್ತೆ ನೆಲದ ಮೇಲೆ ಕೂತು ರೊಟ್ಟಿ ಬಡಿಯುತ್ತಾರೆ, ನಾನು ಕಟ್ಟೆ ಹತ್ತಿರ ಪಲ್ಯ ತಿರುವುತ್ತಿರುತ್ತೇನೆ, ಮಗ ನಮ್ಮಿಬ್ಬರ ನಡುವೆ ಕಾಲಿಟ್ಟು ತಣ್ಣೀರಿನ ಬಾಟಲಿ ಹುಡುಕುತ್ತಾನೆ. ಇದಕ್ಕೆ ಯಾವ ವಿಶ್ವವಿದ್ಯಾಲಯ ಗೆರೆ ಎಳೆದೀತು?

ಹಾವೇರಿಯಿಂದ ಮೈದುನ ಫೋನಿನಲ್ಲಿ ವಾಸ್ತು ಹೇಳಿದ. ಈಶಾನ್ಯ ಬೇಡ ಅಂದ. ಈಶಾನ್ಯದಲ್ಲಿ ಹೇಗೂ ಕಿಟಕಿ ಇತ್ತು, ಅಲ್ಲಿಗೆ ಅದು ಮುಗಿಯಿತು. ಅತ್ತೆ ಹೇಳಿದ್ದು ಅದಕ್ಕಿಂತ ಚಿಕ್ಕದು: "ನೋಡವಾ, ಎಲ್ಲೆರ ನಿಲ್ಲಲಿ, ದೇವರ ಗ್ವಾಡಿಗೆ ಮಾತ್ರ ಬ್ಯಾಡ."

ಕೊನೆಗೆ ಹುಡುಗ ಆರಿಸಿದ್ದು ಒಳಗಿನ ಮೂಲೆ. ಒಲೆಯಿಂದ ಎರಡೇ ಹೆಜ್ಜೆ. ಬಲಕ್ಕೆ ಗೋಡೆ, ಎಡಕ್ಕೆ ಕಪಾಟು, ಮೇಲೆ ಮಾಳಿಗೆ ಮುಟ್ಟುವ ಖಾನೆ. ಚಿತ್ರದಲ್ಲಿ ಫ್ರಿಜ್ಜು ಗೋಡೆಯಲ್ಲೇ ಹುಟ್ಟಿದ ಹಾಗೆ ಚೆಂದ ಕಾಣುತ್ತಿತ್ತು. ಫ್ರಿಜ್ಜಿನ ಅಗಲ 60 ಸೆಂಟಿಮೀಟರ್, ಅಂದರೆ ಸುಮಾರು 24 ಇಂಚು, ಜಾಗ 26 ಇಂಚು. ಸಾಕಲ್ವಾ ಅಂತ ನಾವೂ ಒಪ್ಪಿದೆವು.

ಒಂದು ಭಾನುವಾರ ಅಳತೆಗೆ ಬಡಿಗೇರರು ಬಂದರು. ಅರವತ್ತು ದಾಟಿದವರು, ಕಿವಿಯಲ್ಲಿ ಪೆನ್ಸಿಲ್ಲು. ಮೂಲೆ ನೋಡಿದರು, ಚಿತ್ರ ನೋಡಿದರು, ಟೇಪು ಹೊರಗೇ ತೆಗೆಯಲಿಲ್ಲ.

"ಅಕ್ಕಾರ, ಫ್ರಿಜ್ಜಿಗೆ ಜಾಗಾ ತೋರ್ಸೀರಿ. ಅದರ ಬಾಗಲಕ್ಕ ಜಾಗಾ ಎಲ್ಲೈತ್ರಿ?"

ನನಗೆ ಅರ್ಥ ಆಗಲಿಲ್ಲ. ಬಾಗಿಲು ಮುಂದಕ್ಕೆ ತೆರೆಯುತ್ತದೆ, ಮುಂದೆ ಜಾಗ ಇದೆ. ಅವರು ವಾದ ಮಾಡಲಿಲ್ಲ. ಖಾಲಿ ರಟ್ಟಿನ ಪೆಟ್ಟಿಗೆ ಇದ್ದರೆ ತರಿಸಿ ಅಂದರು. ಮಗ ಸುಭಾಸ ರಸ್ತೆಯ ಅಂಗಡಿಯೊಂದರಿಂದ ಫ್ರಿಜ್ಜಿನದೇ ಪೆಟ್ಟಿಗೆ ಬೇಡಿ, ಸ್ಕೂಟರ್ ಹಿಂದೆ ಕಟ್ಟಿಕೊಂಡು, ದಾರಿಯವರೆಲ್ಲ ನೋಡುವ ಹಾಗೆ ತಂದ. ಬಡಿಗೇರರು ಅದನ್ನು ಮೂಲೆಯಲ್ಲಿ ನಿಲ್ಲಿಸಿ, ಮುಂಬದಿಯನ್ನು ಮೇಲೆ, ಕೆಳಗೆ, ಎಡಕ್ಕೆ ಚಾಕುವಿನಿಂದ ಸೀಳಿದರು. ಬಲಕ್ಕೆ ಮಾತ್ರ ಸೀಳದೆ ಮಡಿಚಿದರು. ಈಗ ಅದಕ್ಕೆ ಬಾಗಿಲು ಬಂತು. ಹೆಚ್ಚಿನ ಫ್ರಿಜ್ಜುಗಳಿಗೆ ತಿರುಗಣಿ ಬಲಕ್ಕೇ ಇರುತ್ತದೆ. ನಿಜವಾದ ಬಾಗಿಲಿಗೆ ದಪ್ಪ ಇರುತ್ತದೆ ಅಂತ ಒಳಬದಿಗೆ ಒಂದು ಹಲಗೆ ತುಂಡನ್ನೂ ದಾರದಿಂದ ಕಟ್ಟಿದರು. ಆಮೇಲೆ ಪಡಸಾಲೆಗೆ ಹೋಗಿ ಹಳೆ ಫ್ರಿಜ್ಜಿನ ತರಕಾರಿ ಟ್ರೇ ಎಳೆದು ತಂದು, ಒಳಗಿದ್ದ ಮೆಂತ್ಯೆ ಸೊಪ್ಪಿನ ಸಮೇತ, ರಟ್ಟಿನ ಪೆಟ್ಟಿಗೆಯ ತಳದಲ್ಲಿಟ್ಟರು.

"ತೆಗೀರಿ."

ಬಾಗಿಲು ತೆರೆದೆ. ಅರ್ಧ ತೆರೆಯುವಷ್ಟರಲ್ಲಿ ಗೋಡೆಗೆ ಬಡಿದು ನಿಂತಿತು. ಟ್ರೇ ಎಳೆದೆ. ಅದರ ಬಲ ಮೂಲೆ ಹಲಗೆಗೆ ಸಿಕ್ಕಿಕೊಂಡಿತು. ಓರೆ ಮಾಡಿದೆ, ಎತ್ತಿ ನೋಡಿದೆ, ಬರಲಿಲ್ಲ. ಬಾಗಿಲಿನ ಒಳಬದಿಗೆ ಬಾಟಲಿ, ತತ್ತಿ ಇಡುವ ಖಾನೆಗಳು ಇರುತ್ತವಲ್ಲ, ನೇರ ಲಂಬಕ್ಕೆ ನಿಂತರೆ ಆ ದಪ್ಪವೆಲ್ಲ ಟ್ರೇಯ ದಾರಿಗೇ ಅಡ್ಡ. ಪೂರ್ತಿ ಹೊರಗೆ ಬರಬೇಕೆಂದರೆ ಬಾಗಿಲು ಲಂಬಕ್ಕಿಂತ ಇನ್ನೂ ಸಾಕಷ್ಟು ಹಿಂದೆ ಹೋಗಬೇಕು. ಆ ಮೂಲೆಯಲ್ಲಿ ಇಟ್ಟಿದ್ದರೆ ವರ್ಷಗಟ್ಟಲೆ ಟ್ರೇ ಒಳಗೆ ಕೈ ತೂರಿಸಿ ಕುರುಡರ ಹಾಗೆ ಹಸಿಮೆಣಸಿನಕಾಯಿ ಹುಡುಕಬೇಕಿತ್ತು. ತೊಳೆಯುವ ಮಾತಂತೂ ಬೇಡ. ಒಲೆಯ ಕಾವು ಪಕ್ಕದಲ್ಲೇ ಇದ್ದರೆ ಕಂಪ್ರೆಸರ್ ಜಾಸ್ತಿ ದುಡಿಯುತ್ತದೆ, ಕರೆಂಟು ಬಿಲ್ಲೂ ಏರುತ್ತದೆ, ಅದೊಂದು ಬೇರೆ.

ಹಾಗಾದರೆ ಎಲ್ಲಿ? ಬಡಿಗೇರರು ಉತ್ತರ ಕೊಡದೆ ಇನ್ನೊಂದು ಪ್ರಶ್ನೆ ಕೇಳಿದರು. "ಯಾರು ತೆಗೀತಾರ್ರಿ ಜಾಸ್ತಿ?"

ನಾನು ಅಂದೆ. ಮತ್ತೆ ಯಾರು? ಆದರೂ ಅನುಮಾನ ಬಂದು ಸೋಮವಾರ ಹಳೆ ಫ್ರಿಜ್ಜಿನ ಮೇಲೆ ಒಂದು ಹಾಳೆ ಅಂಟಿಸಿ, ತೆರೆದವರೆಲ್ಲ ಗೆರೆ ಹಾಕಬೇಕು ಅಂತ ತಾಕೀತು ಮಾಡಿದೆ. ರಾತ್ರಿ ಎಣಿಸಿದರೆ 34 ಗೆರೆ. ಮಗ 11, ನಮ್ಮವರು 6, ಅತ್ತೆ 5, ನಾನು 12. ನನ್ನ ಹನ್ನೆರಡರಲ್ಲೂ ಒಲೆ ಹಚ್ಚಿದ ಮೇಲೆ ತೆರೆದದ್ದು ನಾಲ್ಕು ಸಲ ಇರಬಹುದು. ಉಳಿದದ್ದೆಲ್ಲ ಹೊರಗಿನಿಂದ ಬರುತ್ತಾ ಹೋಗುತ್ತಾ. ಅಡುಗೆ ಮಾಡುವವಳಿಗೆ ಹತ್ತಿರ ಇರಲಿ ಅಂತ ನಾವೆಲ್ಲ ಒಂದು ತಿಂಗಳು ಗೆರೆ ಎಳೆದಿದ್ದೇ ಎಳೆದಿದ್ದು, ಫ್ರಿಜ್ಜು ನೋಡಿದರೆ ಅಡುಗೆ ಮಾಡದವರದ್ದು!

ಜಾಗ ಆಗ ತಾನಾಗಿ ಕಂಡಿತು. ಅಡುಗೆಮನೆಗೆ ಕಾಲಿಡುತ್ತಲೇ ಸಿಗುವ, ಬಾಗಿಲಿನ ಪಕ್ಕದ ಮೂಲೆ. ಇಷ್ಟು ವರ್ಷ ಅದು ಕಣ್ಣಿಗೆ ಬೀಳದಿದ್ದದ್ದಕ್ಕೆ ಕಾರಣ ಅಲ್ಲಿ ನಿಂತಿದ್ದ 200 ಲೀಟರಿನ ನೀಲಿ ಡ್ರಮ್ಮು. ಮಲಪ್ರಭೆಯ ನೀರು ನಮ್ಮ ಓಣಿಗೆ ವಾರಕ್ಕೊಮ್ಮೆ ಬರುತ್ತಿದ್ದ ಕಾಲದ್ದು. ಈ ಊರಲ್ಲಿ ನೀರಿನ ಡ್ರಮ್ಮಿನ ಜಾಗ ಕೇಳುವುದೆಂದರೆ ಹಿರಿಯರ ಕುರ್ಚಿ ಕೇಳಿದ ಹಾಗೆ. ಎರಡು ದಿನ ಮಾತುಕತೆ ಆಗಿ ಡ್ರಮ್ಮು ಹಿತ್ತಲಿಗೆ ಹೋಯಿತು.

ರಟ್ಟಿನ ಪೆಟ್ಟಿಗೆ ಅಲ್ಲಿ ನಾಲ್ಕು ದಿನ ನಿಂತಿತು. ಎಡಕ್ಕೆ ಗೋಡೆ, ಬಲಕ್ಕೆ ಕಟ್ಟೆ ಮುಗಿಯುವ ತುದಿ. ಬಾಗಿಲು ಬಲಕ್ಕೆ, ಕಟ್ಟೆಯ ಮುಂದೆ ಆರಾಮಾಗಿ ತಿರುಗಿತು. ಟ್ರೇ ಸಲೀಸಾಗಿ ಹೊರಗೆ ಬಂತು. ಮಗ ನಿಜವಾಗಿ ಅದರಲ್ಲಿ ಒಂದು ಬಾಟಲಿ ಇಟ್ಟು, ಬಂದು ಹೋಗುವಾಗೆಲ್ಲ ತೆಗೆದು ಕುಡಿದ. ಅತ್ತೆ ಕೂತು ರೊಟ್ಟಿ ಬಡಿಯುವ ಜಾಗಕ್ಕೆ ಯಾರ ಕಾಲೂ ಬರಲಿಲ್ಲ. ದೇವರ ಗೋಡೆ ಎದುರಿನ ಬದಿಗೆ ಉಳಿಯಿತು.

ವೈರ್‌ಮನ್ ಪ್ಲಗ್ಗನ್ನು ಫ್ರಿಜ್ಜಿನ ಹಿಂದೆ ಕೊಡಲು ಹೊರಟಿದ್ದ. ಬೇಡ, ಕಟ್ಟೆಯ ಮೇಲೆ ಕೈಗೆ ಸಿಗುವ ಹಾಗೆ ಕೊಡು ಅಂದೆವು. ಹಿಂದೆ ಕೊಟ್ಟರೆ ಪಿನ್ನಿನ ದಪ್ಪಕ್ಕೆ ಫ್ರಿಜ್ಜು ಮುಂದಕ್ಕೆ ಬರುತ್ತದೆ, ಆಫ್ ಮಾಡಬೇಕೆಂದರೆ ಅಷ್ಟು ಭಾರದ್ದನ್ನು ಎಳೆಯಬೇಕು. ಅರ್ಥಿಂಗ್ ಇರುವ ಬೇರೆ ಲೈನೇ ಎಳೆಸಿದೆವು.

ಇಷ್ಟೆಲ್ಲ ಆದರೂ ಒಂದು ತಪ್ಪಿತು. ಎರಡೂ ಪಕ್ಕಕ್ಕೆ ನಾಲ್ಕು ನಾಲ್ಕು ಇಂಚು ಗಾಳಿಗೆ ಇರಲಿ ಅಂತ 32 ಇಂಚು ಬಿಟ್ಟಿದ್ದೆವು, ಆದರೆ ಅಳೆದದ್ದು ಬರೀ ಇಟ್ಟಿಗೆ ಗೋಡೆಯಿಂದ. ಗೌಂಡಿ ಗಿಲಾವು ಮಾಡಿ ಟೈಲ್ಸ್ ಕೂರಿಸುವಷ್ಟರಲ್ಲಿ ಒಂದೂವರೆ ಇಂಚು ಹೋಯಿತು, ಕಟ್ಟೆಯ ಗ್ರಾನೈಟ್ ಅರ್ಧ ಇಂಚು ಮುಂದೆ ಚಾಚಿತು. ಎಡಕ್ಕೆ ಎರಡು, ಬಲಕ್ಕೆ ನಾಲ್ಕು, ಹಾಗೂ ಹೀಗೂ ಹೊಂದಿತು. ನಮ್ಮ ಮಾಡೆಲ್ಲಿನ ಪುಸ್ತಿಕೆ ಪಕ್ಕಕ್ಕೆ ಕೇಳಿದ್ದು 5 ಸೆಂಟಿಮೀಟರ್, ಅಂದರೆ ಸುಮಾರು ಎರಡೇ ಇಂಚು, ಹಾಗಾಗಿ ಬಚಾವಾದೆವು. ಮೊದಲಿನ 26 ಇಂಚಿನ ಮೂಲೆಯಾಗಿದ್ದರೆ ಟೈಲ್ಸ್ ಆದ ಮೇಲೆ ಫ್ರಿಜ್ಜನ್ನು ಸಾಬೂನು ಹಚ್ಚಿ ತುರುಕಬೇಕಿತ್ತೇನೋ.

ತಂದ ದಿನ ಇನ್ನೊಂದು ತಮಾಷೆ. ಫ್ರಿಜ್ಜಿನ ಬಾಗಿಲಿನ ಬಗ್ಗೆ ಅಷ್ಟು ಮಾತಾಡಿದ ನಾವು ಅಡುಗೆಮನೆಯ ಬಾಗಿಲನ್ನು ಅಳೆದಿರಲಿಲ್ಲ. ಹಳೆ ಸಾಗವಾನಿ ಚೌಕಟ್ಟು, 5 ಅಡಿ 4 ಇಂಚು. ಫ್ರಿಜ್ಜು ಅದಕ್ಕಿಂತ ಒಂದಿಂಚು ಎತ್ತರ. ತಂದ ಹುಡುಗರು ಬೈದುಕೊಳ್ಳುತ್ತಾ ಓರೆ ಮಾಡಿ ನುಗ್ಗಿಸಿದರು. "ನಾಕ್ ತಾಸು ಚಾಲೂ ಮಾಡಬ್ಯಾಡ್ರಿ" ಅಂದು ಹೋದರು. ವಾಲಿಸಿದಾಗ ಕಂಪ್ರೆಸರಿನ ಎಣ್ಣೆ ಪೈಪಿಗೆ ಇಳಿದಿರುತ್ತದೆ, ಅದು ವಾಪಸ್ ಬರಬೇಕು.

ಡಿಸೆಂಬರ್ ಬಂತು. ಧಾರವಾಡದ ಚಳಿಯಲ್ಲಿ ರಾತ್ರಿ ಹೆಪ್ಪು ಹಾಕಿದರೆ ಮಧ್ಯಾಹ್ನದವರೆಗೂ ಹಾಲು ಹಾಲಾಗಿಯೇ ಇರುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಫ್ರಿಜ್ಜಿನ ಬಲಕ್ಕೆ ಬಿಟ್ಟ ಆ ನಾಲ್ಕು ಇಂಚಿನಲ್ಲಿ, ಬಡಿಗೇರರು ಬಿಟ್ಟುಹೋದ ಹಲಗೆ ತುಂಡಿನ ಮೇಲೆ, ತೆಳ್ಳನೆಯ ಉದ್ದ ಸ್ಟೀಲ್ ಡಬ್ಬಿ. ಹೊಸ ಫ್ರಿಜ್ಜುಗಳ ಕಾವು ಪಕ್ಕದ ತಗಡಿನಿಂದಲೇ ಹೊರಗೆ ಬರುತ್ತದೆ. ಅತ್ತೆ ಅದನ್ನು ಯಾವಾಗ ಕೈಯಿಟ್ಟು ನೋಡಿದ್ದರೋ. ಗಾಳಿ ಆಡಲಿ ಅಂತ ಬಿಟ್ಟ ಜಾಗ ಅದು ಅಂದೆ.

"ಆಡ್ಲಿ ಬಿಡು, ಯಾರು ಬ್ಯಾಡ ಅಂದ್ರು? ಇಲ್ಲೆ ಬೆಚ್ಚಗದ" ಅಂದು ಮುಚ್ಚಳ ತೆಗೆದು ತೋರಿಸಿದರು. ಮೊಸರು ಗಟ್ಟಿಯಾಗಿ ಹೆಪ್ಪಾಗಿತ್ತು.