ತಂಬೂರಿಯೊಳಗಿನ ಗಾಂಧಾರ

ಕಾಲೇಜಿನ ಸಂಗೀತ ವಿಭಾಗಕ್ಕೆ ಸೇರುವ ಹೊತ್ತಿಗೆ ನಾನು ಕರ್ನಾಟಕ ಸಂಗೀತದ ನಾಲ್ಕಾರು ವರ್ಣಗಳನ್ನು, ಅಂದರೆ ಕೃತಿಗಳಿಗೆ ಮೊದಲು ಕಲಿಸುವ ರಚನೆಗಳನ್ನು, ಕಲಿತಿದ್ದೆ. ಇನ್ನು ಕೃತಿಗಳ ಪಾಠವೆಂದು ಹುರುಪಿನಿಂದ ಬಂದ ನನ್ನನ್ನು ನಮ್ಮ ಗುರುಗಳು ತಂಬೂರಿಯ ಪಕ್ಕದಲ್ಲಿ ಕೂರಿಸಿಕೊಂಡು, "ಹಾಡಬೇಡಮ್ಮಾ, ಕೇಳು" ಎಂದರು. ತಂತಿಗಳನ್ನು ಹೊತ್ತ ಕುದುರೆಯೆಂಬ ಪಟ್ಟಿಯ ಮೇಲೆ ತಂತಿಗೆ ಕೊಟ್ಟ ಹತ್ತಿಯ ನೂಲನ್ನು, ಅಂದರೆ ಜೀವಾಳವನ್ನು, ಅವರು ಉಗುರಿನ ತುದಿಯಿಂದ ಕೂದಲೆಳೆಯಷ್ಟು ಸರಿಸುತ್ತ ಹೋದಂತೆ, ಮಂಕಾಗಿದ್ದ ಮಂದ್ರ ಷಡ್ಜ, ಅಂದರೆ ಕೆಳಗಿನ 'ಸ', ತುಂಬಿಕೊಂಡು, ಯಾವ ತಂತಿಗೂ ಶ್ರುತಿ ಮಾಡದ ಅಂತರ ಗಾಂಧಾರವೊಂದು, 'ಗ' ಸ್ವರದ ಒಂದು ಬಗೆ, ಅದರೊಳಗಿನಿಂದಲೇ ಹೊಮ್ಮಿತು. "ಇದು ಸ್ವಯಂಭೂ ಗಾಂಧಾರ. ಮಾಯಾಮಾಳವಗೌಳ ರಾಗದಲ್ಲಿ ನೀನು ಹಿಡಿಯಬೇಕಾದದ್ದು ಇದನ್ನೇ" ಎಂದು, ಚಿಕ್ಕಂದಿನಲ್ಲಿ ಮುಗಿಸಿದ್ದ, ಅದೇ ರಾಗದ ಮೊದಲ ಸ್ವರಪಾಠವಾದ ಸರಳೆ ವರಸೆಯನ್ನು ಮತ್ತೆ ಮೊದಲಿನಿಂದ ಹೇಳಿಕೊಟ್ಟರು.

ಪಾಠದ ವೇಳೆ ಪುಸ್ತಕ ಮುಚ್ಚಿರಬೇಕಿತ್ತು. ಮಲಹರಿ ರಾಗದ 'ಲಂಬೋದರ ಲಕುಮಿಕರ' ಗೀತೆಯನ್ನು ಹಾಡುವಾಗ ಧೈವತದಿಂದ ('ದ') ತಾರ ಷಡ್ಜಕ್ಕೆ (ಮೇಲಿನ 'ಸ') ಏರುವಲ್ಲಿ, ಆ ರಾಗಕ್ಕಿಲ್ಲದ ನಿಷಾದದ ('ನಿ') ನೆರಳು ನನ್ನ ದನಿಯಲ್ಲಿ ಸುಳಿಯುತ್ತಿತ್ತು. ಗುರುಗಳು ತಾಳದ ಕೈಯನ್ನು ತೊಡೆಯಿಂದೆತ್ತಿ ಹಾಗೆಯೇ ಹಿಡಿಯುತ್ತಿದ್ದರು, ಅಷ್ಟೇ, ಬೈಗುಳವಿಲ್ಲ. ಮತ್ತೆ ಪಲ್ಲವಿಯಿಂದ. ಆ ಒಂದು ಏರಿಕೆಗೆ ನನಗೆ ಹದಿನೈದು ದಿನ ಹಿಡಿಯಿತು. ಸ್ವರಲಿಪಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಎಷ್ಟೋ ಕೃತಿಗಳು ಉಳಿದದ್ದು ಅದರಿಂದಲೇ. ಆದರೆ ತೋಡಿ ರಾಗದ ಗಾಂಧಾರಕ್ಕೆ 'ಗ' ಎಂದು ಬರೆದುಕೊಂಡರೆ, ರಿಷಭ ಮಧ್ಯಮಗಳ ('ರಿ', 'ಮ') ನಡುವೆ ಅದು ತೂಗುವ ಬಗೆ ಆ ಅಕ್ಷರದಲ್ಲಿ ಎಲ್ಲಿದೆ? ಅದನ್ನು ಎದುರಿಗೆ ಕೂತವರ ಕಂಠದಿಂದಲೇ ಪಡೆಯಬೇಕು.

ಪಾಠಾಂತರ, ಅಂದರೆ ಗುರುಮುಖದಿಂದ ಬಂದ ಪಾಠ, ಎಂಬ ಮಾತು ಬಂದಾಗಲೆಲ್ಲ ಗುರುಗಳು ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರನ್ನು ನೆನೆಯುತ್ತಿದ್ದರು. ಅರಮನೆಯ ನೆರವಿನಿಂದ ತಿರುವೈಯಾರಿಗೆ ಹೋಗಿ ಆಚಾರ್ಯರು ಆಶ್ರಯಿಸಿದ್ದು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರನ್ನು. ಅಯ್ಯರ್ ಅವರ ಗುರುಗಳಾದ ಮಾನಂಬುಚಾವಡಿ ವೆಂಕಟಸುಬ್ಬಯ್ಯನವರು ತ್ಯಾಗರಾಜರ ನೇರ ಶಿಷ್ಯರು. 1847ರಲ್ಲಿ ತೀರಿಕೊಂಡ ತ್ಯಾಗರಾಜರಿಗೂ 1961ರವರೆಗೆ ಬದುಕಿದ್ದ ಆಚಾರ್ಯರಿಗೂ ನಡುವೆ ಇದ್ದದ್ದು ಎರಡೇ ಕಂಠಗಳು ಎಂದು ಅವರು ಎರಡು ಬೆರಳೆತ್ತಿ ತೋರಿಸುವಾಗ ನಮಗೆ ಮೈ ಜುಮ್ಮೆನ್ನುತ್ತಿತ್ತು.

ಈಗ ನನ್ನ ಮನೆಯಲ್ಲಿ ಆರು ಮಕ್ಕಳು ಕಲಿಯುತ್ತಿದ್ದಾರೆ. ಶ್ರುತಿಪೆಟ್ಟಿಗೆ ಇದ್ದರೂ ವಾರಕ್ಕೊಮ್ಮೆ ತಂಬೂರಿಯನ್ನು ಇಳಿಸಿ, ನೂಲು ಸರಿಸಿ, ಕಾಯುತ್ತೇನೆ. ಹೋದ ಶನಿವಾರ ಎಂಟು ವರ್ಷದ ಹುಡುಗಿಯೊಬ್ಬಳು ತಂತಿಗಳನ್ನು ಒಂದೊಂದಾಗಿ ದಿಟ್ಟಿಸಿ, "ಗ ಯಾವ ತಂತೀಲಿದೆ ಮಿಸ್?" ಎಂದು ಕೇಳಿದಳು.