ಟಾಂಜಾನಿಯಾ: ಜನ, ಮಾತು, ಒಂದಿಷ್ಟು ರಾಜಕೀಯ

ಟಾಂಜಾನಿಯಾದಲ್ಲಿದ್ದೆ ಅಂದ ತಕ್ಷಣ ಎಲ್ರೂ ಕೇಳೋದು ಸೆರೆಂಗೆಟಿ ನೋಡಿದ್ಯಾ, ಸಿಂಹ ಎಷ್ಟು ಹತ್ರ ಬಂತು, ಕಿಲಿಮಂಜಾರೊ ಹತ್ತಿದ್ಯಾ ಅಂತಾನೇ. ಕಿಲಿಮಂಜಾರೊ 5895 ಮೀಟರ್, ಇಡೀ ಆಫ್ರಿಕಾದಲ್ಲೇ ಎತ್ತರ, ನಾನು ಕೆಳಗಡೆಯಿಂದಾನೇ ಕೈಮುಗಿದು ಬಂದವನು. ಪ್ರಾಣಿಗಳ ವಿಷ್ಯ ಯೂಟ್ಯೂಬಲ್ಲಿ ಬೇಕಾದಷ್ಟು ಸಿಗುತ್ತೆ ಬಿಡಿ. ಅಲ್ಲಿರುವಷ್ಟು ದಿನ ನನ್ನ ತಲೆ ಕೊರೀತಿದ್ದಿದ್ದು ಬೇರೇನೇ. 120ಕ್ಕೂ ಹೆಚ್ಚು ಬುಡಕಟ್ಟುಗಳು, ಹೆಚ್ಚುಕಮ್ಮಿ ಒಂದೊಂದಕ್ಕೂ ಒಂದೊಂದು ಭಾಷೆ, ಮುಸ್ಲಿಮರೂ ಕ್ರೈಸ್ತರೂ ಇಬ್ರೂ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಪಕ್ಕದಲ್ಲೇ ರುವಾಂಡಾ, ಬುರುಂಡಿ, ಕಾಂಗೋ, ಇಷ್ಟೆಲ್ಲದರ ಮಧ್ಯೆ ಇವ್ರು ಮಾತ್ರ ಕುಲದ ಹೆಸರಲ್ಲಿ ಕಡಿದಾಡ್ಕೊಳ್ದೆ ಹೆಂಗೆ ಉಳ್ಕೊಂಡ್ರು?

ತಾನಾಗೇ ಆಗಿದ್ದಲ್ಲ ಅದು, ಕೂತು ಮಾಡಿದ ಕೆಲಸ. ಮೊದಲು ಜರ್ಮನ್ನರು, ಆಮೇಲೆ ಬ್ರಿಟಿಷರು ಆಳಿದ ಟಾಂಗನಿಕಾಗೆ, ಅಂದ್ರೆ ಈಗಿನ ಟಾಂಜಾನಿಯಾದ ಮುಖ್ಯಭೂಮಿಗೆ, 1961ರ ಡಿಸೆಂಬರ್ 9ಕ್ಕೆ ಸ್ವಾತಂತ್ರ್ಯ ಬಂತು. ಆಚೆ ದ್ವೀಪದಲ್ಲಿ, ಜಾಂಜಿಬಾರಲ್ಲಿ, 1964ರ ಜನವರಿಯಲ್ಲಿ ಕ್ರಾಂತಿಯಾಗಿ ಸುಲ್ತಾನ ಓಡಿಹೋದ, ಅರಬರು ಭಾರತೀಯರು ಅಂತ ತುಂಬಾ ಜನ ಸತ್ರು, ಅದೇ ವರ್ಷ ಏಪ್ರಿಲ್ 26ಕ್ಕೆ ಎರಡೂ ಸೇರಿ ಒಂದೇ ದೇಶ ಆಯ್ತು. ಜಾಂಜಿಬಾರಿಗೆ ಇವತ್ತಿಗೂ ಅದರದ್ದೇ ಅಧ್ಯಕ್ಷರಿದ್ದಾರೆ, ಆ ಗಂಟು ಇನ್ನೂ ಪೂರ್ತಿ ಬಿಚ್ಚಿಲ್ಲ.

ಮೊದಲನೇ ಅಧ್ಯಕ್ಷ ಜೂಲಿಯಸ್ ನೈರೆರೆ. ಇಸ್ಕೂಲ್ ಮೇಷ್ಟ್ರಾಗಿದ್ದವರು, ಜನ ಇವತ್ತಿಗೂ ಮ್ವಾಲಿಮು, ಅಂದ್ರೆ ಮೇಷ್ಟ್ರು ಅಂತಾನೇ ಕರೀತಾರೆ. ಅವ್ರದ್ದು ಜನಾಕಿ ಅನ್ನೋ ಪುಟ್ಟ ಬುಡಕಟ್ಟು, ಹಾಗಾಗಿ ನಮ್ಮೋರು ಅಂತ ಕಟ್ಕೊಂಡು ಆಳೋಕೆ ದೊಡ್ಡ ಗುಂಪೂ ಇರ್ಲಿಲ್ಲ. ಸ್ವಾಹಿಲಿನ ಪ್ರೈಮರಿ ಶಾಲೆಗೆ, ಸರ್ಕಾರಿ ಕೆಲಸಕ್ಕೆ ತಂದ್ರು. ಅದು ಕರಾವಳಿಯ ವ್ಯಾಪಾರದ ಭಾಷೆ, ಒಳನಾಡಿನ ಯಾವ ದೊಡ್ಡ ಬುಡಕಟ್ಟಿನದ್ದೂ ಅಲ್ಲ, ಅದಕ್ಕೇ ಯಾರಿಗೂ ಹೊಟ್ಟೆಕಿಚ್ಚು ಬರ್ಲಿಲ್ಲ. ಹೈಸ್ಕೂಲ್ ಹುಡುಗರನ್ನ ಅವರ ಊರಿಂದ ದೂರದ ಹಾಸ್ಟೆಲ್ಲಿಗೆ ಹಾಕೋರು, ಆಫೀಸರುಗಳನ್ನ ಬೇರೆ ಬೇರೆ ಪ್ರಾಂತ್ಯಕ್ಕೆ ಎತ್ತಾಕೋರು. ಕಿಲಿಮಂಜಾರೊ ತಪ್ಪಲಿನ ಚಾಗ್ಗಾ ಹುಡುಗ ವಿಕ್ಟೋರಿಯಾ ಸರೋವರದ ಕಡೆಯ ಸುಕುಮಾ ಹುಡುಗಿನ ಮದುವೆ ಆಗೋದು ಮಾಮೂಲಿ ಆಗಿದ್ದು ಹಿಂಗೇ.

ಮೇಷ್ಟ್ರನ್ನ ದೇವರು ಮಾಡೋ ಆಸೆ ನಂಗಿಲ್ಲ. 1967ರ ಅರುಷಾ ಘೋಷಣೆಯಲ್ಲಿ ಉಜಮಾ ಅಂತ ತಮ್ಮದೇ ಥರದ ಸಮಾಜವಾದ ತಂದ್ರು, ಬ್ಯಾಂಕು ಕಾರ್ಖಾನೆ ಎಲ್ಲ ಸರ್ಕಾರದ್ದಾಯ್ತು, 1971ರಲ್ಲಿ ಬಾಡಿಗೆಗೆ ಬಿಟ್ಟಿದ್ದ ದೊಡ್ಡ ಕಟ್ಟಡಗಳನ್ನೂ ಕಿತ್ಕೊಂಡ್ರು, ಎಷ್ಟೋ ಗುಜರಾತಿ ಕುಟುಂಬಗಳು ಗಂಟುಮೂಟೆ ಕಟ್ಟಿದ್ದು ಆಗಲೇ. ಎಪ್ಪತ್ತರ ದಶಕದ ಮಧ್ಯದಲ್ಲಂತೂ ಲಕ್ಷಗಟ್ಟಲೆ ರೈತರನ್ನ ಲಾರಿಗೆ ತುಂಬಿ ಹೊಸ ಹಳ್ಳಿಗಳಿಗೆ ಸಾಗಿಸಿದ್ರು, ಕೆಲವು ಕಡೆ ವಾಪಸ್ ಹೋಗಬಾರ್ದು ಅಂತ ಹಳೇ ಮನೆ ಸುಟ್ಟಿದ್ದೂ ಉಂಟು. ಬೆಳೆ ಕುಸೀತು, ಅಂಗಡಿ ಖಾಲಿ ಆಯ್ತು. ಆದ್ರೆ 1985ರಲ್ಲಿ ಯಾರೂ ತಳ್ಳದೇ ಇದ್ರೂ ಕುರ್ಚಿ ಬಿಟ್ಟು ಎದ್ದೋದ್ರಲ್ಲ, ಆ ಕಾಲದ ಆಫ್ರಿಕಾದಲ್ಲಿ ಅದು ಸಣ್ಣ ಮಾತಲ್ಲ.

ಇನ್ನು ಜನ. ನಮಸ್ಕಾರ ಹೇಳೋದೇ ಅಲ್ಲಿ ಒಂದು ದೊಡ್ಡ ಕಾರ್ಯಕ್ರಮ ಕಣ್ರೀ. ದೊಡ್ಡೋರು ಎದುರಾದ್ರೆ ಚಿಕ್ಕೋರು ಮೊದಲು "ಶಿಕಾಮೂ" ಅನ್ಬೇಕು, ಅವ್ರು "ಮರಹಬಾ" ಅಂತಾರೆ, ಆಮೇಲೆ ಮನೆ ಹೆಂಗಿದೆ, ಮಕ್ಕಳು ಹೆಂಗಿದಾರೆ, ಕೆಲಸ ಹೆಂಗಿದೆ, ಎಲ್ಲದಕ್ಕೂ ಚೆನ್ನಾಗಿದೆ ಚೆನ್ನಾಗಿದೆ ಅಂತ ಮುಗಿಸಿದ ಮೇಲೇ ಬಂದ ವಿಷ್ಯ. ನೇರ ಹೋಗಿ ರೇಟ್ ಎಷ್ಟು ಅಂದ್ರೆ ಸಂಸ್ಕಾರ ಇಲ್ದೋನು ಅಂತ ನೋಡ್ತಾರೆ. ಮಕ್ಕಳಾದ ಹೆಂಗಸರನ್ನ ಹೆಸರಿಡಿದು ಕರೆಯೋದು ಕಮ್ಮಿ, ಮಗು ಹೆಸರು ಸೇರಿಸಿ ಮಾಮಾ (ಅಂದ್ರೆ ಅಮ್ಮ) ಇಂಥೋರು ಅಂತಾನೇ ಕರೀತಾರೆ. ಗಡಿಯಾರನೂ ಬೇರೆ ಲೆಕ್ಕ, ಸೂರ್ಯ ಹುಟ್ಟಿದ ಮೇಲೆ ಎಣಿಸೋದು, ಬೆಳಗ್ಗೆ ಏಳು ಅಂದ್ರೆ ಅವ್ರಿಗೆ ಒಂದು ಗಂಟೆ, ಎಂಟು ಅಂದ್ರೆ ಎರಡು. ಸಮಭಾಜಕದ ಹತ್ರ ಇರೋದ್ರಿಂದ ವರ್ಷಪೂರ್ತಿ ಸೂರ್ಯ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಹುಟ್ತಾನೆ, ಹಂಗಾಗಿ ಈ ಲೆಕ್ಕ ಸರಿಯಾಗೇ ಇದೆ ಅನ್ಸುತ್ತೆ.

ಊಟ ಅಂದ್ರೆ ಉಗಾಲಿ. ನಮ್ಮ ಮುದ್ದೆ ಥರಾನೇ, ರಾಗಿ ಬದಲು ಬಿಳೀ ಮೆಕ್ಕೆಜೋಳದ ಹಿಟ್ಟು. ನುಂಗೋದಲ್ಲ, ಚೂರು ಮುರ್ದು ಅಂಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಲ್ಲಿ ಒತ್ತಿ ಗುಳಿ ಮಾಡಿ, ಅದರಲ್ಲಿ ಕಾಳಿನ ಸಾರೋ ದಂಟಿನ ಸೊಪ್ಪೋ ಎತ್ಕೊಂಡು ಅಗಿದು ತಿನ್ನೋದು. ಚಪಾತಿ, ಸಂಬೂಸಾ, ಪಿಲಾವ್ ಎಲ್ಲ ಹಿಂದೂ ಮಹಾಸಾಗರ ದಾಟಿ ಬಂದು ಅವ್ರದ್ದೇ ಆಗೋಗಿವೆ, ಆಟೋನ ಬಜಾಜಿ ಅಂತಾರೆ, ಯಾವ ಕಂಪ್ನಿದಾದ್ರೂ ಸರಿ.

ನಂಗೆ ತುಂಬಾ ಹಿಡಿಸಿದ್ದು ಕಾಂಗಾ. ಹೆಂಗಸರು ಸುತ್ಕೊಳ್ಳೋ ಹತ್ತಿ ಬಟ್ಟೆ, ಜೋಡಿಯಾಗಿ ಮಾರ್ತಾರೆ, ನಾಲ್ಕೂ ಕಡೆ ಅಗಲದ ಅಂಚು, ನಡುವೆ ಚಿತ್ತಾರ, ಕೆಳಗಡೆ ಉದ್ದಕ್ಕೆ ಸ್ವಾಹಿಲಿಯಲ್ಲಿ ಒಂದು ಸಾಲು. ಕೆಲವು ದೇವರ ಮೇಲೆ, ಕೆಲವು ತಾಯಿ ಮೇಲೆ, ಇನ್ನು ಕೆಲವು ನೇರ ಪಕ್ಕದ್ಮನೆಯವಳಿಗೆ ಬೈಗುಳ. ಬಾಯಿ ಬಿಡೋದೇ ಬೇಡ, ಅದನ್ನ ಉಟ್ಕೊಂಡು ಅವಳ ಬಾಗಿಲ ಮುಂದೆ ಎರಡು ಸಲ ಓಡಾಡಿದ್ರೆ ಸಾಕು.

ಇಷ್ಟೊಂದು ನಯ ಇರೋ ಜನ ಅಂತ ಎಲ್ಲ ಶಾಂತವಾಗಿದೆ ಅಂದ್ಕೋಬೇಡಿ. ಸ್ವಾತಂತ್ರ್ಯ ಬಂದಾಗಿಂದ ಒಂದೇ ಪಕ್ಷದ ಆಳ್ವಿಕೆ, ಹೆಸರು ಬದಲಾಗಿದೆ ಅಷ್ಟೇ. 2021ರಲ್ಲಿ ಅಧ್ಯಕ್ಷರಾಗಿದ್ದ ಮಗುಫುಲಿ ತೀರ್ಕೊಂಡಾಗ ಜಾಂಜಿಬಾರಿನ ಸಮಿಯಾ ಸುಲುಹು ಹಸನ್ ಮೊದಲ ಮಹಿಳಾ ಅಧ್ಯಕ್ಷೆ ಆದ್ರು, ಆಗ ನಾನೂ ಖುಷಿಪಟ್ಟೆ. 2025ರ ಅಕ್ಟೋಬರ್ 29ರ ಚುನಾವಣೆ ಹೊತ್ತಿಗೆ ಮುಖ್ಯ ವಿರೋಧ ಪಕ್ಷದ ನಾಯಕ ಟುಂಡು ಲಿಸ್ಸು ದೇಶದ್ರೋಹದ ಕೇಸಲ್ಲಿ ಜೈಲಲ್ಲಿದ್ರು, ಪಕ್ಷ ಕಣದಲ್ಲೇ ಇರ್ಲಿಲ್ಲ. ಹುಡುಗರು ಬೀದಿಗಿಳಿದ್ರು, ದಾರ್ ಎಸ್ ಸಲಾಮಲ್ಲಿ ಕರ್ಫ್ಯೂ, ಇಂಟರ್ನೆಟ್ ಬಂದ್, ಗುಂಡು ಹಾರಿ ಜನ ಸತ್ರು, ಕೊನೆಗೆ ಸಮಿಯಾಗೆ ಹತ್ತಿರ ಹತ್ತಿರ 98 ಪರ್ಸೆಂಟ್ ಓಟು ಅಂತ ಘೋಷಣೆ. ನಂಬೋಕಾಗುತ್ತಾ ಹೇಳಿ.

2022ರ ಜನಗಣತಿ ಪ್ರಕಾರ ಅಲ್ಲಿ 6 ಕೋಟಿ 17 ಲಕ್ಷ ಜನ, ಅರ್ಧದಷ್ಟು ಹದಿನೆಂಟರ ಆಸುಪಾಸಿನವರು ಇಲ್ಲಾ ಅದಕ್ಕಿಂತ ಚಿಕ್ಕೋರು. ಇವ್ರಿಗೆ ಮೇಷ್ಟ್ರು ಅಂದ್ರೆ ನೋಟಿನ ಮೇಲಿನ ಮುಖ, ಗೋಡೆ ಮೇಲಿನ ಫೋಟೋ. ಒಗ್ಗಟ್ಟು ಕಾಪಾಡಿದ್ದೀವಿ, ಸುಮ್ನಿರಿ ಅಂತ ಹಿರಿಯರು ಹೇಳಿದ್ರೆ, ಸರಿ, ಕೆಲಸ ಎಲ್ಲಿ, ನನ್ನ ಓಟು ಎಲ್ಲೋಯ್ತು ಅಂತ ಕೇಳ್ತಿದ್ದಾರೆ, ಅದೂ ಆ ಮೇಷ್ಟ್ರೇ ಎಲ್ರಿಗೂ ಕಲಿಸಿದ ಸ್ವಾಹಿಲಿಯಲ್ಲಿ.