ಎಸೆದದ್ದೂ ಶಿವನಾದ ಹಾದಿ

ಕಾರವಾರಕ್ಕೆ ಕಚೇರಿ ಕೆಲಸಕ್ಕೆಂದು ಜಿಲ್ಲೆಯ ಎಲ್ಲ ಮೂಲೆಯವರೂ ಬರುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಘಟ್ಟ ಇಳಿಯುತ್ತಾರೆ. ಭಟ್ಕಳ, ಹೊನ್ನಾವರದವರು ಕಡಲಂಚು ಹಿಡಿದು ಬರುತ್ತಾರೆ. ಒಂದು ಸಹಿ ಬಾಕಿ ಉಳಿದರೆ ಕೆಲಸ ಮರುದಿನಕ್ಕೆ ಬಿತ್ತೆಂದೇ ಲೆಕ್ಕ. ಹಾಗೆ ಕೈಯಲ್ಲಿ ಉಳಿಯುವ ಸಂಜೆಯನ್ನು ವಸತಿಗೃಹದ ಕೋಣೆಯಲ್ಲಿ ಕಳೆಯಬೇಕಿಲ್ಲ. ಕೈಗಾ ರಸ್ತೆಯಲ್ಲಿ ನಾಲ್ಕೈದು ಕಿಲೋಮೀಟರು ಹೋದರೆ ಶೇಜವಾಡ. ಅಲ್ಲಿ ಶೆಜ್ಜೇಶ್ವರನಿದ್ದಾನೆ, ಸಜ್ಜೇಶ್ವರ ಎಂದೂ ಅನ್ನುತ್ತಾರೆ. ಗೋಕರ್ಣಕ್ಕೆ ಹತ್ತು ಸಲ ಹೋಗಿ ಬಂದವರಲ್ಲೂ ಈ ದೇವರ ಮುಂದೆ ಒಮ್ಮೆಯೂ ನಿಲ್ಲದವರು ಬಹಳ. ಗೋಕರ್ಣದ ಕಥೆ ಗೋಕರ್ಣದಲ್ಲೇ ಮುಗಿಯುವುದಿಲ್ಲ ಎಂಬುದು ಅವರಿಗೆ ತಿಳಿದಿಲ್ಲ, ಅಷ್ಟೇ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಆತ್ಮಲಿಂಗ ಹಿಡಿದು ಲಂಕೆಗೆ ಹೊರಟ ರಾವಣ ಸಂಧ್ಯಾವಂದನೆಗೆಂದು ಅದನ್ನು ವಟುವಿನ ವೇಷದಲ್ಲಿದ್ದ ಗಣಪತಿಯ ಕೈಗೆ ಕೊಟ್ಟ. ಗಣಪತಿ ಮೂರು ಸಲ ಕರೆದು, ಬಾರದಿದ್ದಾಗ ನೆಲಕ್ಕಿಟ್ಟ. ರಾವಣ ಹಿಡಿದೆಳೆದರೂ ಲಿಂಗ ಬರಲಿಲ್ಲ. ಹಸುವಿನ ಕಿವಿಯಂತೆ ತಿರುಚಿಕೊಂಡು ಅಲ್ಲೇ ನಿಂತಿತು. ಸಿಟ್ಟಿನಲ್ಲಿ ಅವನು ಲಿಂಗ ತಂದಿದ್ದ ಸಂಪುಟವನ್ನು ಎಸೆದ, ಅದು ಸಜ್ಜೇಶ್ವರವಾಯಿತು. ಮುಚ್ಚಳ ಬಿದ್ದಲ್ಲಿ ಗುಣವಂತೇಶ್ವರ, ಕಟ್ಟಿದ ದಾರ ಬಿದ್ದಲ್ಲಿ ಧಾರೇಶ್ವರ, ಸುತ್ತಿದ ವಸ್ತ್ರ ಬಿದ್ದಲ್ಲಿ ಮುರುಡೇಶ್ವರ. ಸ್ಥಳಪುರಾಣ ಹೇಳುವುದು ಇಷ್ಟು. ಇದರಲ್ಲಿ ಮನಸ್ಸು ನಿಲ್ಲುವುದು ಕೊನೆಯ ಭಾಗದಲ್ಲಿ. ಮುಚ್ಚಳವೂ ದಾರವೂ ದೇವರಲ್ಲ, ದೇವರನ್ನು ಹೊತ್ತು ತಂದ ಸಾಮಾನು. ಅದನ್ನು ಎಸೆದದ್ದು ಭಕ್ತಿಯಿಂದಲ್ಲ, ಹತಾಶೆಯಿಂದ. ಆದರೂ ಬಿದ್ದಲ್ಲೆಲ್ಲ ಶಿವ ಬಂದು ಕೂತ. ಐದೂ ಸೇರಿದರೇ ಪಂಚಕ್ಷೇತ್ರ. ಗೋಕರ್ಣ, ಮುರುಡೇಶ್ವರ ಎರಡನ್ನೇ ನೋಡಿ ಉಳಿದ ಮೂವರನ್ನು ಕಾರಿನ ಕಿಟಕಿಯಿಂದ ದಾಟಿಸಿಬಿಡುವುದು ಈ ಕಥೆಗೆ ಸಲ್ಲದು.

ಐದನ್ನೂ ಒಂದೇ ದಿನದಲ್ಲಿ ಮುಗಿಸುತ್ತೇನೆಂದು ಹರಕೆ ಹೊರುವವರಿದ್ದಾರೆ. ಶೇಜವಾಡದಿಂದ ಮುರುಡೇಶ್ವರಕ್ಕೆ, ಗೋಕರ್ಣದ ಸುತ್ತು ಸೇರಿ, ಸುಮಾರು 140 ಕಿಲೋಮೀಟರು. ದಾರಿ ದೊಡ್ಡದಲ್ಲ, ಕೆಡಿಸುವುದು ಮಧ್ಯಾಹ್ನ. ಮಹಾಪೂಜೆ ಮುಗಿದ ಮೇಲೆ ಬಾಗಿಲು ಹಾಕಿದರೆ ಎರಡು ಮೂರು ತಾಸು ತೆಗೆಯುವುದಿಲ್ಲ. ಆದ್ದರಿಂದ ಬೆಳಿಗ್ಗೆ ಆರೂವರೆಗೆ ಶೆಜ್ಜೇಶ್ವರ, ಎಂಟೂವರೆಯೊಳಗೆ ಗೋಕರ್ಣ, ಹನ್ನೆರಡರ ಹೊತ್ತಿಗೆ ಧಾರೇಶ್ವರ, ಊಟ ಹೊನ್ನಾವರದಲ್ಲಿ, ನಾಲ್ಕಕ್ಕೆ ಗುಣವಂತೆ, ಸೂರ್ಯ ಮುಳುಗುವ ಮೊದಲು ಮುರುಡೇಶ್ವರ. ಸಣ್ಣ ಮಕ್ಕಳೂ ವಯಸ್ಸಾದವರೂ ಇದ್ದರೆ ಎರಡು ದಿನ ಮಾಡಿಕೊಳ್ಳಿ. ಓಡಿಸಿಕೊಂಡು ಹೋಗಿ ಮಾಡಿಸಿದ ದರ್ಶನ ಅಜ್ಜಿಯ ಮೊಣಕಾಲಿಗೂ ಆಗದು, ಹರಕೆಗೂ ಬೇಕಿಲ್ಲ.

ತಯಾರಿ ಹಿಂದಿನ ದಿನವೇ ಆಗಬೇಕು, ಅದರಲ್ಲೂ ಬಿಲ್ವಪತ್ರೆಯದು. ಸೋಮವಾರ, ಚತುರ್ಥಿ, ಅಷ್ಟಮಿ, ನವಮಿ, ಚತುರ್ದಶಿ, ಅಮಾವಾಸ್ಯೆ, ಸಂಕ್ರಾಂತಿಯಂದು ಬಿಲ್ವ ಕೊಯ್ಯುವಂತಿಲ್ಲ. ಸೋಮವಾರದ ಪೂಜೆಗೆ ಭಾನುವಾರವೇ ಕೊಯ್ದಿಡಬೇಕು. ಬಿಲ್ವಕ್ಕೆ ಹಳಸಿದ ದೋಷವಿಲ್ಲ. ತೊಳೆದು ಮತ್ತೆ ಏರಿಸಬಹುದು ಎನ್ನುತ್ತದೆ ಶಾಸ್ತ್ರ. ಮೂರು ದಳ ಕೂಡಿಯೇ ಇರಬೇಕು, ಹುಳ ತಿಂದ ತೂತಿರಬಾರದು, ತೊಟ್ಟಿನ ತುದಿಯ ಗಂಟನ್ನು ಮುರಿದು ತೆಗೆಯಬೇಕು. ಏರಿಸುವಾಗ ಎಲೆಯ ನುಣುಪು ಮೈ ಲಿಂಗದ ಕಡೆಗೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಕರಾವಳಿಯ ಸೆಕೆಗೆ ಎಲೆ ಬೆವರಿ ಮರುದಿನಕ್ಕೆ ಕಪ್ಪಾಗುತ್ತದೆ. ಬಾಡಿಸಿದ ಬಾಳೆಲೆಯಲ್ಲಿ ಸಡಿಲವಾಗಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ, ಐದು ಕ್ಷೇತ್ರಕ್ಕೆ ಐದು ಪೊಟ್ಟಣ ಮಾಡಿಟ್ಟುಕೊಂಡರೆ ಪ್ರತಿ ಕಡೆ ಹುಡುಕಾಟವಿಲ್ಲ. ಮನೆಯವರ ಹೆಸರು, ಗೋತ್ರ, ನಕ್ಷತ್ರ, ರಾಶಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಂಕಲ್ಪದ ಹೊತ್ತಿಗೆ ಮಗುವಿನ ನಕ್ಷತ್ರ ಕೇಳಲು ಊರಿಗೆ ಫೋನ್ ಮಾಡುವುದು, ಹಿಂದೆ ಸಾಲು ನಿಲ್ಲುವುದು, ಇದು ದಿನಾ ಕಾಣುವ ನೋಟ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರ ಹೇಳುವ ರೂಢಿಯಿದೆ, ಅಳುಕಬೇಕಿಲ್ಲ.

ಶೆಜ್ಜೇಶ್ವರನಲ್ಲಿ ಹೆಚ್ಚು ಹೇಳುವುದಕ್ಕಿಲ್ಲ, ಕೂರುವುದಕ್ಕಿದೆ. ಜನ ಕಡಿಮೆ. ಹತ್ತು ನಿಮಿಷ ಸುಮ್ಮನೆ ಕೂತು ಎದ್ದರೆ ಮುಂದಿನ ಗದ್ದಲಕ್ಕೆ ಮನಸ್ಸು ಸಿದ್ಧವಾಗುತ್ತದೆ.

ಅಂಕೋಲೆ ದಾಟಿದ ಮೇಲೆ ಶಿರೂರು ಬರುತ್ತದೆ. 2024ರ ಜುಲೈ 16ರಂದು ಗುಡ್ಡ ಕುಸಿದು ಜನ ಪ್ರಾಣ ಕಳೆದುಕೊಂಡ ಜಾಗ. ದಾಟುವಾಗ ಮನಸ್ಸಿನಲ್ಲೇ ಒಂದು ನಮಸ್ಕಾರ ಸಲ್ಲಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಹಿಡಿದು ಸುರಿಯುವ ದಿನ ಯಾತ್ರೆಯನ್ನೇ ಮುಂದೂಡಿ. ಹರಕೆ ಹೊತ್ತ ದೇವರು ಒಂದು ವಾರ ಕಾಯುತ್ತಾನೆ.

ಗೋಕರ್ಣದಲ್ಲಿ ಕ್ರಮ ಮುಖ್ಯ. ಮೊದಲು ಸಮುದ್ರ ಸ್ನಾನ, ಆಮೇಲೆ ಕೋಟಿತೀರ್ಥ ಪುಷ್ಕರಣಿ, ಆಮೇಲೆ ಮಹಾಗಣಪತಿ, ನಂತರವೇ ಮಹಾಬಲೇಶ್ವರ. ಸಮುದ್ರದಲ್ಲಿ ಮೊಣಕಾಲು ಮುಳುಗುವಷ್ಟು ನೀರಿಗೆ ಹೋಗಿ ಕೂತು ಮುಳುಗಿದರೆ ಸ್ನಾನವಾಯಿತು. ಈಜಲು ಹೊರಡಬೇಡಿ. ತೆರೆ ಹಿಂದಿರುಗುವಾಗ ಕಾಲಡಿಯ ಮರಳನ್ನು ಸೆಳೆಯುತ್ತದೆ, ಜನ ಕೊಚ್ಚಿಹೋಗುವುದು ಹಾಗೆ. ಮಳೆಗಾಲದಲ್ಲಿ ಚೊಂಬಿನಲ್ಲಿ ನೀರು ತೆಗೆದು ದಡದಲ್ಲೇ ತಲೆಗೆ ಹಾಕಿಕೊಂಡರೆ ಸಾಕು. ಕೋಟಿತೀರ್ಥದ ಮೆಟ್ಟಿಲಲ್ಲಿ ಪಾಚಿಯಿರುತ್ತದೆ. ಅಲ್ಲಿ ಪ್ರೋಕ್ಷಣೆ ಮಾಡಿಕೊಂಡರೂ ನಡೆಯುತ್ತದೆ. ಒಣಬಟ್ಟೆಯ ಚೀಲ ಬೇರೆಯೇ ಇರಲಿ. ಗಂಡಸರಿಗೆ ಪಂಚೆ, ಮೈಮೇಲೆ ಅಂಗಿಯಿಲ್ಲ, ಶಲ್ಯವೊಂದಿರಲಿ.

ಗಣಪತಿಯನ್ನು ಬಿಟ್ಟು ನೇರ ಒಳಗೆ ನುಗ್ಗುವವರಿದ್ದಾರೆ. ಲಿಂಗ ಇಲ್ಲಿ ಉಳಿದದ್ದೇ ಅವನಿಂದ. ಎರಡು ಕೈಯ, ನಿಂತ ಗಣಪತಿ. ರಾವಣ ಗುದ್ದಿದ ಗುರುತೆಂದು ತಲೆಯ ಮೇಲಿನ ಕುಳಿಯನ್ನು ತೋರಿಸುತ್ತಾರೆ. ತೇರುಬೀದಿಯಲ್ಲಿ ಹಾಲಕ್ಕಿ ಸಮುದಾಯದ ಹೆಂಗಸರು ಹೂವು, ಗರಿಕೆ ಮಾರುತ್ತಾರೆ. ಇಪ್ಪತ್ತೊಂದು ಗರಿಕೆ ಅವನಿಗೆ ಅಲ್ಲಿಂದಲೇ ಆಗಲಿ. ಶಿವರಾತ್ರಿಯ ಆಸುಪಾಸಾದರೆ ಸುರಗಿ ಮಾಲೆ ಸಿಗುತ್ತದೆ. ಒಣಗಿದಷ್ಟೂ ಪರಿಮಳ ಉಳಿಯುವ ಹೂವದು. ಚೌಕಾಸಿ ಮಾಡದೆ ಕೊಳ್ಳಿ.

ಗರ್ಭಗುಡಿಯಲ್ಲಿ ಕಣ್ಣಿಗೆ ಕಾಣುವುದು ಚೌಕದ ಸಾಲಿಗ್ರಾಮ ಪೀಠ. ನಡುವೆ ಒಂದು ಸಣ್ಣ ರಂಧ್ರ, ಅದರೊಳಗೆ ಆತ್ಮಲಿಂಗ. ನೋಡುವ ದೇವರಲ್ಲ, ಮುಟ್ಟುವ ದೇವರು. ಪೀಠವನ್ನು ಮತ್ತೆ ಬಂಧಿಸುವ ಅಷ್ಟಬಂಧದ ಹೊತ್ತಿಗೆ, ನಲವತ್ತು ವರ್ಷಕ್ಕೊಮ್ಮೆ ಎನ್ನುತ್ತಾರೆ, ಲಿಂಗ ಪೂರ್ತಿ ಕಾಣುತ್ತದೆ. ಉಳಿದ ಕಾಲವೆಲ್ಲ ಬೆರಳೇ ಕಣ್ಣು. ಇಲ್ಲಿನ ಅರ್ಚಕರಾದ ಉಪಾಧಿವಂತರು ಹೇಳಿದಂತೆ ಬಗ್ಗಿ ಬೆರಳು ಇಳಿಸಿದರೆ ಮೊದಲು ಅಭಿಷೇಕದ ನೀರಿನ ತಂಪು ತಾಗುತ್ತದೆ, ಆಮೇಲೆ ಕಲ್ಲು. ನುಣುಪಲ್ಲ, ಸಮವೂ ಅಲ್ಲ. ಎರಡು ಕ್ಷಣ, ಅಷ್ಟೇ. ಆ ಎರಡು ಕ್ಷಣದಲ್ಲಿ ಬೇಡಿಕೆಯ ಪಟ್ಟಿ ಹೇಳಲು ಹೊರಟವರಿಗೆ ಸ್ಪರ್ಶವೂ ತಿಳಿಯುವುದಿಲ್ಲ, ಪಟ್ಟಿಯೂ ಮುಗಿಯುವುದಿಲ್ಲ. ಬೇಡುವುದನ್ನು ಸಾಲಿನಲ್ಲೇ ಬೇಡಿ ಮುಗಿಸಿ, ಒಳಗೆ ಬರಿದಾಗಿ ಹೋಗಿ. ಉಂಗುರ, ಕೈಗಡಿಯಾರ ಮೊದಲೇ ತೆಗೆದಿಡಿ. ಶ್ರಾವಣ ಸೋಮವಾರ ನೂಕುನುಗ್ಗಲು. ಸ್ಪರ್ಶದ ಆಸೆಯಿದ್ದರೆ ವಾರದ ನಡುವಿನ ದಿನ ಒಳ್ಳೆಯದು. ಏಕಾದಶ ರುದ್ರ ಮಾಡಿಸುವವರು ಹಿಂದಿನ ದಿನವೇ ಹೇಳಿಡಬೇಕು. ರುದ್ರದ ನಮಕ ಭಾಗ ಹನ್ನೊಂದಾವರ್ತಿ, ಪ್ರತಿ ಆವರ್ತಿಗೆ ಚಮಕ ಭಾಗದ ಒಂದು ಅನುವಾಕ. ಅವಸರದಲ್ಲಿ ಆಗುವ ಸೇವೆಯಲ್ಲ. ಹೊರಡುವ ಮುನ್ನ ತಾಮ್ರಗೌರಿಗೆ ಹೆಣ್ಣುಮಕ್ಕಳು ಅರಿಶಿನ ಕುಂಕುಮ, ಬಳೆ ಕೊಡಲಿ.

ಧಾರೇಶ್ವರ ಕುಮಟಾದಿಂದ ದಕ್ಷಿಣಕ್ಕೆ ಎಂಟು ಕಿಲೋಮೀಟರಿನ ಹತ್ತಿರ. ಚತುಷ್ಪಥದಲ್ಲಿ ತಿರುವು ತಪ್ಪಿದರೆ ಮುಂದೆ ಹೋಗಿ ಸುತ್ತಿ ಬರಬೇಕು, ಕುಮಟಾ ದಾಟಿದ ಕೂಡಲೇ ಗಮನವಿರಲಿ. ಬಸ್ಸಿನವರು ಕುಮಟಾ ಹೊನ್ನಾವರ ನಡುವಿನ ಲೋಕಲ್ ಗಾಡಿಯನ್ನೇ ಹಿಡಿಯಬೇಕು, ವೇಗದೂತ ನಿಲ್ಲಿಸುವುದಿಲ್ಲ. ಹಳೆಯ ಶಿಲಾಮಯ ಗುಡಿ. ಹೊರಗಿನ ಬಿಸಿಲಿಗೆ ಕಾದ ಅಂಗಾಲಿಗೆ ಒಳಗಿನ ಕಲ್ಲುಹಾಸು ತಣ್ಣಗೆ ತಾಗುವುದೂ ಒಂದು ಪ್ರಸಾದ. ಊಟಕ್ಕೆ ಮುರುಗಲು (ಕೋಕಂ) ಪಾನಕ ಸಿಕ್ಕರೆ ಬಿಡಬೇಡಿ. ಬಿಸಿಲಿನ ಪಿತ್ತಕ್ಕೆ ಕರಾವಳಿಯವರು ನಂಬುವುದು ಅದನ್ನೇ.

ಹೊನ್ನಾವರದಿಂದ ಮುಂದೆ ಇಡಗುಂಜಿ. ಐದರಲ್ಲಿ ಲೆಕ್ಕವಿಲ್ಲ, ಆದರೂ ಗಣಪತಿಯನ್ನು ಕಾಣದೆ ದಾಟುವುದು ಇಲ್ಲಿ ಯಾರಿಗೂ ಒಗ್ಗದು. ಇಡಗುಂಜಿಯ ಪಂಚಕಜ್ಜಾಯ ಪ್ರಸಿದ್ಧ. ಮನೆಯಿಂದಲೇ ನೈವೇದ್ಯಕ್ಕೆ ಮಾಡಿ ತರುವವರೂ ಇದ್ದಾರೆ. ಕಾಲು ಕಿಲೊ ಹೆಸರುಬೇಳೆಯನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ರವೆಯ ಹದಕ್ಕೆ ಬೀಸಬೇಕು. ಅಷ್ಟೇ ತೂಕದ ಪುಡಿಬೆಲ್ಲ, ಒಂದು ಬಟ್ಟಲು ಒಣಕೊಬ್ಬರಿ ತುರಿ, ಎರಡು ಚಮಚ ಹುರಿದ ಎಳ್ಳು, ಐದಾರು ಏಲಕ್ಕಿ, ಕಲಸಲು ಎರಡು ಚಮಚ ತುಪ್ಪ. ಬಿಸಿಯಿರುವಾಗ ಬೀಸಿದರೆ ಮುದ್ದೆಗಟ್ಟುತ್ತದೆ. ಹಸಿಕಾಯಿ ಹಾಕಿದರೆ ಸಂಜೆಗೇ ಹುಳಿವಾಸನೆ. ಘಟ್ಟದವರ ಜೋನಿಬೆಲ್ಲ ದೋಸೆಗೆ ಎಷ್ಟು ಚೆಂದವೋ ಇದಕ್ಕೆ ಅಷ್ಟೇ ಕೂಡದು, ಎಲ್ಲ ಒದ್ದೆಯಾಗುತ್ತದೆ.

ಗುಣವಂತೆಯನ್ನು ಯಕ್ಷಗಾನದವರು ಕೆರೆಮನೆ ಮೇಳದ ಊರೆಂದು ಬಲ್ಲರು. ಹೆದ್ದಾರಿಯ ಹತ್ತಿರವೇ ಶಂಭುಲಿಂಗೇಶ್ವರನ ಗುಡಿ. ಮಂಕಿ ರೈಲು ನಿಲ್ದಾಣವೂ ಇದೇ ಕಡೆಗೆ. ಎಸೆದ ಮುಚ್ಚಳ ಇಲ್ಲಿ ಬಿತ್ತೆಂದು ಮಕ್ಕಳಿಗೆ ಹೇಳಿ, ಪ್ರದಕ್ಷಿಣೆ ಮಾಡಿಸಿ. ಅವರಿಗೆ ಐದರಲ್ಲಿ ನೆನಪುಳಿಯುವುದು ಇಂಥದ್ದೇ.

ಮುರುಡೇಶ್ವರಕ್ಕೆ ಬರುವಾಗ ದೂರದಿಂದಲೇ ಇಪ್ಪತ್ತು ಅಂತಸ್ತಿನ ರಾಜಗೋಪುರ, 123 ಅಡಿಯ ಶಿವ ಕಾಣುತ್ತಾನೆ. ಮಕ್ಕಳು ಫೋಟೊ ತೆಗೆಸಿಕೊಳ್ಳಲಿ, ತಪ್ಪಿಲ್ಲ. ಆದರೆ ಹಲವರು ಅಲ್ಲಿಗೇ ಯಾತ್ರೆ ಮುಗಿಯಿತೆಂದು ಕಡಲಿಗಿಳಿಯುತ್ತಾರೆ. ಹರಕೆಯ ದೇವರು ಇರುವುದು ಕಂದುಕಗಿರಿಯ ಗರ್ಭಗುಡಿಯಲ್ಲಿ, ಅದೂ ನೆಲಮಟ್ಟಕ್ಕಿಂತ ಕೆಳಗಿನ ಕುಳಿಯಲ್ಲಿ. ಸೇವೆ ಮಾಡಿಸಿದವರು ಹೊಸ್ತಿಲ ಈಚೆ ನಿಲ್ಲಬೇಕು. ಅರ್ಚಕರು ಎಣ್ಣೆದೀಪವನ್ನು ಕುಳಿಯ ಹತ್ತಿರ ಹಿಡಿಯುತ್ತಾರೆ. ಹೊರಗಿನ ಬೆಳಕಿಗೆ ಹೊಂದಿದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಸರಿಯಬೇಡಿ, ಸ್ವಲ್ಪ ಹೊತ್ತು ತಡೆಯಿರಿ. ದೀಪ ಒಮ್ಮೆ ಆಚೆ, ಒಮ್ಮೆ ಈಚೆ ಸರಿದಾಗ ಒರಟು ಬಂಡೆಯ ಮೈ ನಿಧಾನಕ್ಕೆ ಕಾಣತೊಡಗುತ್ತದೆ. ಐದನೆಯ ಬಿಲ್ವದ ಪೊಟ್ಟಣ ಬಿಚ್ಚುವುದು ಆಗ.